ಇಪ್ಪತ್ತು ದಾಟಿದ ದೋರು ಕೆಂಪು ವೈನ್: ಕೆಟ್ಟಿದೆಯೋ, ಪಕ್ವವಾಗಿದೆಯೋ?

ಪ್ರಶ್ನೆ: ನನ್ನ ಊರು ಧಾರವಾಡ, ಕೆಲಸದ ನಿಮಿತ್ತ ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿದ್ದೇನೆ. ನಮ್ಮ ಬಾಡಿಗೆ ಮನೆಯ ಒಡತಿ, ತೀರಿಕೊಂಡ ತಮ್ಮ ಪತಿಯ ಸಂಗ್ರಹದಿಂದ ಎರಡು ಬಾಟಲಿ ಕೆಂಪು ವೈನ್ ಕೊಟ್ಟರು. ಎರಡೂ ಒಂದೇ: ದೋರು ಕಣಿವೆಯ ರಿಸರ್ವಾ, 2004ರ ಕೊಯ್ಲು. ಹಿಂಬದಿಯ ಚೀಟಿಯಲ್ಲಿ ತೂರಿಗಾ ನಾಸಿಯೊನಾಲ್, ತೂರಿಗಾ ಫ್ರಾಂಕಾ, ತಿಂತಾ ರೋರಿಜ್ ಎಂಬ ಮೂರು ದ್ರಾಕ್ಷಿ ತಳಿಗಳ ಹೆಸರಿದೆ. ಒಂದನ್ನು ಬೆನ್ನಚೀಲದಲ್ಲಿ ಹಾಕಿಕೊಂಡು ಗೆಳೆಯರ ಮನೆಗೆ ಹೋಗಿ, ಹೋದ ಕೂಡಲೇ ತೆರೆದೆವು. ಬಣ್ಣ ಇಟ್ಟಿಗೆಯಂತೆ ಮಬ್ಬು. ಮೊದಲು ಸುಟ್ಟ ಬೆಂಕಿಕಡ್ಡಿಯ, ಜೊತೆಗೆ ಲಾಯದಂಥ ವಾಸನೆ. ಬಾಯಿಗೆ ಕಹಿ, ಮರಳು ಮರಳು. ಹೆಚ್ಚಿನದನ್ನು ಚೆಲ್ಲಿದೆವು. ಆದರೆ ಗ್ಲಾಸಿನಲ್ಲಿ ಉಳಿದಿದ್ದ ಸ್ವಲ್ಪ, ಒಂದು ಗಂಟೆಯ ಮೇಲೆ, ಒಣ ಅಂಜೂರ ಮತ್ತು ಕಿತ್ತಳೆ ಸಿಪ್ಪೆಯ ಪರಿಮಳ ಕೊಡುತ್ತಿತ್ತು. ಬಾಟಲಿಯ ತಳದಲ್ಲಿದ್ದದ್ದು ಮರುದಿನ ಹುಳಿಯಾಗಿ ಸಪ್ಪೆಯಾಗಿತ್ತು. ಅದು ಕೆಟ್ಟಿತ್ತೇ? ಎರಡನೆಯದನ್ನು ಹೇಗೆ ತೆರೆಯಬೇಕು? ಅದು ನಿಜವಾಗಿ ಒಳ್ಳೆಯದೋ ಅಥವಾ ಬರೀ ಹಳೆಯದೋ ಎಂದು ಹೇಗೆ ತಿಳಿಯುವುದು? ದಸರೆಗೆ ಊರಿಗೆ ಒಯ್ಯಬಹುದೇ?

ಉತ್ತರ: ನಿಮ್ಮ ಮೊದಲ ಬಾಟಲಿ ಕೆಟ್ಟಿರಲಿಲ್ಲ. ನೀವೇ ಬರೆದಿರುವ ವಿವರಗಳಲ್ಲಿ ಅದಕ್ಕೆ ಸಾಕ್ಷಿಯಿದೆ. ಕೆಟ್ಟ ವೈನ್ ಗಾಳಿಗೆ ಒಡ್ಡಿದಷ್ಟೂ ಕೆಡುತ್ತದೆ. ಒಂದು ಗಂಟೆಯ ನಂತರ ಅಂಜೂರ, ಕಿತ್ತಳೆ ಸಿಪ್ಪೆ ಎಂದು ಬಾಯಿ ಬಿಡುವುದಿಲ್ಲ. ನಿಮಗೆ ಇಷ್ಟವಾಗದ ಮೂರು ಸಂಗತಿಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಅವನ್ನು ಬಿಡಿಸಿ ಹೇಳಿದರೆ ಎರಡನೆಯ ಬಾಟಲಿಯ ಅರ್ಧ ಕೆಲಸ ಮುಗಿದಂತೆಯೇ.

ಮೊದಲು ಆ ಮಬ್ಬು ಮತ್ತು ಕಹಿ. ಎಳೆಯ ಕೆಂಪು ವೈನಿನಲ್ಲಿ ದ್ರಾಕ್ಷಿ ಸಿಪ್ಪೆಯಿಂದ ಬಂದ ಬಣ್ಣದ ಕಣಗಳೂ, ಸಿಪ್ಪೆ ಮತ್ತು ಬೀಜದಿಂದ ಬಂದ ಟ್ಯಾನಿನ್ ಎಂಬ ಒಗರಿನ ಅಂಶವೂ ಬಿಡಿಬಿಡಿಯಾಗಿ ಕರಗಿರುತ್ತವೆ. ವರ್ಷಗಳು ಕಳೆದಂತೆ ಅವು ಒಂದಕ್ಕೊಂದು ಬೆಸೆದು ದೊಡ್ಡದಾಗುತ್ತವೆ. ಕರಗಿ ಉಳಿಯಲಾರದಷ್ಟು ದೊಡ್ಡದಾದಾಗ ತಳಕ್ಕೆ ಇಳಿದು ಗಸಿಯಾಗುತ್ತವೆ. ವೈನಿನ ಬಣ್ಣ ತಿಳಿಯಾಗುವುದೂ, ಒಗರು ಮೆದುವಾಗುವುದೂ ಇದೇ ಕ್ರಿಯೆಯಿಂದ. ಗಸಿ ಇರುವುದು ಸರಿಯಾದ ಲಕ್ಷಣವೇ. ಅದು ಲೋಟಕ್ಕೆ ಬರುವುದು ಸರಿಯಲ್ಲ. ಬೆನ್ನಚೀಲದಲ್ಲಿ ಪೋರ್ಟೊದ ಏರಿಳಿತದ ಬೀದಿಗಳನ್ನು ದಾಟುವಷ್ಟರಲ್ಲಿ ಇಪ್ಪತ್ತು ವರ್ಷದ ಗಸಿಯೆಲ್ಲ ಮೇಲೆದ್ದಿತ್ತು. ನೀವು ಕುಡಿದದ್ದು ವೈನ್ ಮತ್ತು ಅದರ ಚರಟ ಎರಡನ್ನೂ.

ಎರಡನೆಯದು ವಾಸನೆ. ಸುಟ್ಟ ಬೆಂಕಿಕಡ್ಡಿಯ ಘಾಟು ಗಂಧಕದ ಸಂಯುಕ್ತಗಳದ್ದು. ಗಾಳಿಯಿಲ್ಲದ ಬಾಟಲಿಯೊಳಗೆ ಬಹುಕಾಲ ಮುಚ್ಚಿಟ್ಟ ವೈನಿನಲ್ಲಿ ಇದು ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಗಾಳಿ ತಾಗಿದ ಮೇಲೆ ಇಳಿಯುತ್ತದೆ. ಲಾಯದ ವಾಸನೆ ಬೇರೆ ಕಥೆ. ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಪೀಪಾಯಿಯ ಸಂದಿಗಳಲ್ಲಿ ಸೇರಿಕೊಂಡು ಕುದುರೆ ಬೆವರು, ಬ್ಯಾಂಡೇಜು, ಕೆಲವೊಮ್ಮೆ ಲವಂಗದ ವಾಸನೆಯನ್ನು ವೈನಿಗೆ ಹಚ್ಚುತ್ತದೆ. ಅದು ಗಾಳಿಗೆ ಹೋಗುವಂಥದ್ದಲ್ಲ. ನಿಮ್ಮ ಗ್ಲಾಸಿನಲ್ಲಿ ಗಂಟೆಯೊಳಗೆ ಆ ವಾಸನೆಯೆಲ್ಲ ಕರಗಿಹೋಗಿದ್ದರೆ, ಅಲ್ಲಿದ್ದದ್ದು ಬಹುಪಾಲು ಮೊದಲ ಬಗೆಯದು. ಸ್ವಲ್ಪ ಉಳಿದುಕೊಂಡಿದ್ದರೆ ಯೀಸ್ಟಿನ ಪಾಲೂ ಇರಬಹುದು. ಚೂರು ಇದ್ದರೆ ನನಗೆ ತಕರಾರಿಲ್ಲ. ಹಣ್ಣಿನ ಕಂಪನ್ನು ಮುಚ್ಚಿಹಾಕುವಷ್ಟು ಇದ್ದರೆ ಅದನ್ನು ದೋಷವೆಂದೇ ಕರೆಯುತ್ತೇನೆ. ಅದನ್ನು ಊರಿನ ಗುಣ, ಮಣ್ಣಿನ ಸೊಗಡು ಎಂದು ಹೊಗಳುವವರಿದ್ದಾರೆ; ನಾನು ಒಪ್ಪುವುದಿಲ್ಲ.

ಮರುದಿನದ ಸಪ್ಪೆಯಂತೂ ಸಹಜ. ಎಳೆಯ ವೈನ್ ತನ್ನ ಟ್ಯಾನಿನ್ ಬಲದಿಂದ ಒಂದೆರಡು ದಿನ ಗಾಳಿಯನ್ನು ತಡೆದುಕೊಳ್ಳುತ್ತದೆ. ಇಪ್ಪತ್ತು ದಾಟಿದ್ದಕ್ಕೆ ಆ ಬಲ ಮುಗಿಯುತ್ತ ಬಂದಿರುತ್ತದೆ. ತೆರೆದ ಸಂಜೆಯೇ ಅದರ ಸಂಜೆ.

ಇನ್ನು ನಿಮ್ಮ ಕೈಯಲ್ಲಿರುವುದು ಎಂಥ ವೈನ್ ಎಂಬುದನ್ನು ತಿಳಿದುಕೊಂಡರೆ ಅದರಿಂದ ಏನನ್ನು ನಿರೀಕ್ಷಿಸಬೇಕು ಎಂಬುದು ಸ್ಪಷ್ಟವಾಗುತ್ತದೆ. ದೋರು ನದಿಯ ಕಣಿವೆಯನ್ನು 1756ರಲ್ಲಿ ಆಗ ಪೋರ್ಚುಗಲ್ಲಿನ ಆಡಳಿತ ನಡೆಸುತ್ತಿದ್ದ ಪೊಂಬಾಲ್‌ನ ಮಾರ್ಕ್ವಿಸ್ ಗಡಿ ಗುರುತಿಸಿ ಕಾನೂನಿನ ಕಟ್ಟಿಗೆ ಒಳಪಡಿಸಿದ್ದು ಸಿಹಿಯಾದ, ಗಡುಸಾದ ಪೋರ್ಟ್ ವೈನಿಗಾಗಿ. ಅನಂತರದ ಎರಡು ಶತಮಾನ ಅಲ್ಲಿನ ಒಳ್ಳೆಯ ದ್ರಾಕ್ಷಿಯೆಲ್ಲ ಪೋರ್ಟ್‌ಗೇ ಹೋಯಿತು. ಊಟದ ಜೊತೆ ಕುಡಿಯುವ, ಸಿಹಿಯಿಲ್ಲದ ಕೆಂಪು ವೈನ್ ಉಳಿದದ್ದರಲ್ಲಿ ಆಗುತ್ತಿತ್ತು. ಈ ಕ್ರಮವನ್ನು ಮೊದಲು ಗಟ್ಟಿಯಾಗಿ ಮುರಿದವರು ಪೋರ್ಟ್ ತಯಾರಿಸುವ ಫೆರೇರಾ ಸಂಸ್ಥೆಯ ಫೆರ್ನಾಂಡು ನಿಕೊಲಾವ್ ದೆ ಅಲ್ಮೇಯ್ದಾ. ಫ್ರಾನ್ಸಿನ ವೈನ್ ಸೀಮೆಯಾದ ಬೋರ್ಡೊಗೆ ಹೋಗಿ ನೋಡಿ ಬಂದು, 1952ರಲ್ಲಿ ‘ಬಾರ್ಕಾ ವೆಲ್ಯಾ’ ಎಂಬ ಕೆಂಪು ವೈನ್ ಮಾಡಿದರು. ಕಣಿವೆಯ ಒಳಭಾಗದ ಬಿಸಿಲಿನಲ್ಲಿ ಹುದುಗು ಬರುವಾಗ ಕಾವು ಹೆಚ್ಚಿ ವೈನ್ ಹಾಳಾಗದಿರಲೆಂದು ಸಮುದ್ರ ತೀರದ ಮತೊಜಿನ್ಯುಷ್‌ನಿಂದ ಮಂಜುಗಡ್ಡೆಯನ್ನು ಲಾರಿಯಲ್ಲಿ ತರಿಸಿಕೊಳ್ಳುತ್ತಿದ್ದರು. ಆದರೂ ಅದು ದಶಕಗಳ ಕಾಲ ಒಂಟಿ ಪ್ರಯೋಗವಾಗಿಯೇ ಉಳಿಯಿತು. 1986ರಲ್ಲಿ ನಿಯಮ ಸಡಿಲವಾಗಿ, ತೋಟದವರು ಪೋರ್ಟೊದ ಎದುರು ದಡದ ಗೋದಾಮುಗಳ ಹಂಗಿಲ್ಲದೆ ತಾವೇ ರಫ್ತು ಮಾಡುವಂತಾಯಿತು. 1990ರ ದಶಕ ಮತ್ತು ಅದರ ಮುಂದಿನ ವರ್ಷಗಳಲ್ಲಿ ಸಿಹಿಯಿಲ್ಲದ ಕೆಂಪು ವೈನ್ ಕಣಿವೆಯ ತುಂಬ ಹರಡಿತು.

ಅಂದರೆ ನಿಮ್ಮ 2004 ಆ ಮೊದಲ ದೊಡ್ಡ ಅಲೆಯದು. ಬೋರ್ಡೊದ ಇಪ್ಪತ್ತು ವರ್ಷದ ವೈನ್ ಹೇಗಿರಬೇಕು ಎಂಬುದಕ್ಕೆ ತಲೆಮಾರುಗಳ ಅನುಭವವಿದೆ; ದೋರು ಕೆಂಪಿನ ಮಟ್ಟಿಗೆ ಆ ಅನುಭವ ನಮ್ಮ ಕಾಲದಲ್ಲಿ, ಇಂಥ ಬಾಟಲಿಗಳನ್ನು ತೆರೆಯುತ್ತ ಕೂಡಿಬರುತ್ತಿದೆ. ಹಾಗಾಗಿ ಬೇರೆ ದೇಶದ ಹಳೆಯ ವೈನಿನ ಅಳತೆಗೋಲನ್ನು ಇದರ ಮೇಲೆ ಹೇರಬೇಡಿ. ಕೊಯ್ಲಿನ ವರ್ಷ ಚೆನ್ನಾಗಿತ್ತು. 2003ರ ಬೇಸಿಗೆ ಯುರೋಪಿನಾದ್ಯಂತ ಸುಟ್ಟಿತ್ತು. 2004ರ ಆಗಸ್ಟಿನಲ್ಲಿ ಮಳೆ ಬಂದು ಬಳ್ಳಿಗೆ ಉಸಿರು ಸಿಕ್ಕಿತು, ಸೆಪ್ಟೆಂಬರಿನ ಬಿಸಿಲು ಹಣ್ಣನ್ನು ಮಾಗಿಸಿತು. ಅಪರೂಪಕ್ಕೆ ಮಾತ್ರ ಬರುವ ಬಾರ್ಕಾ ವೆಲ್ಯಾ ಕೂಡ ಆ ವರ್ಷ ಬಂತು.

ಮೂರು ತಳಿಗಳ ವಿಚಾರ. ತೂರಿಗಾ ನಾಸಿಯೊನಾಲ್ ಸಣ್ಣ ಕಾಯಿಯ, ದಪ್ಪ ಸಿಪ್ಪೆಯ ದ್ರಾಕ್ಷಿ. ಇಳುವರಿ ಕಡಿಮೆ, ಬಣ್ಣವೂ ಒಗರೂ ಹೆಚ್ಚು, ಜೊತೆಗೆ ಹೂವಿನ ಪರಿಮಳ ಮತ್ತು ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯ ಕಂಪು. ಗಂಟೆಯ ನಂತರ ನಿಮ್ಮ ಮೂಗಿಗೆ ಬಂದ ಕಿತ್ತಳೆ ಇದರ ಕೊಡುಗೆ ಇರಬೇಕು. ತೂರಿಗಾ ಫ್ರಾಂಕಾ ಕಣಿವೆಯಲ್ಲಿ ಅತಿ ಹೆಚ್ಚು ಬೆಳೆಯುವ ತಳಿ. ತಡವಾಗಿ ಹಣ್ಣಾಗುತ್ತದೆ, ಬಿಸಿಲಿಗೆ ಅಂಜುವುದಿಲ್ಲ, ವೈನಿನ ಮೈ ತುಂಬಿಸುತ್ತದೆ. ತಿಂತಾ ರೋರಿಜ್ ಎಂದರೆ ಸ್ಪೇನಿನ ಟೆಂಪ್ರನಿಯೊ. ಬೆನ್ನೆಲುಬಿನಂಥ ಒಗರು ಕೊಡುತ್ತದೆ, ಆದರೆ ಬಳ್ಳಿಗೆ ಹೆಚ್ಚು ಗೊಂಚಲು ಬಿಟ್ಟರೆ ನೀರಾಗುತ್ತದೆ. ಪೋರ್ಚುಗಲ್ಲಿನವರು ಮಿಶ್ರಣವನ್ನು ನಂಬುವುದಕ್ಕೆ ಕಾರಣವಿದೆ. ಹಳೆಯ ತೋಟಗಳಲ್ಲಿ ಹತ್ತಾರು ತಳಿಗಳನ್ನು ಒಂದೇ ಸಾಲಿನಲ್ಲಿ ಬೆರೆಸಿ ನೆಟ್ಟು, ಒಟ್ಟಿಗೇ ಕೊಯ್ದು, ಒಟ್ಟಿಗೇ ತುಳಿಯುತ್ತಿದ್ದರು. ಒಂದು ತಳಿ ಸೋತ ವರ್ಷ ಇನ್ನೊಂದು ಕೈ ಹಿಡಿಯುತ್ತಿತ್ತು. ಎಳೆಯದಿದ್ದಾಗ ಇಂಥ ವೈನಿನಲ್ಲಿ ಇದು ಈ ತಳಿಯದು, ಅದು ಆ ತಳಿಯದು ಎಂದು ಬೇರ್ಪಡಿಸಿ ಹೇಳಬಹುದು. ಪಕ್ವವಾದ ಮೇಲೆ ಹಾಗೆ ಹೇಳಲು ಬರಬಾರದು. ನಾನು ಹಳೆಯ ಮಿಶ್ರಣವನ್ನು ಅಳೆಯುವಾಗ ಮೊದಲು ನೋಡುವುದೇ ಇದನ್ನು.

ಈಗ ಎರಡನೆಯ ಬಾಟಲಿ. ಅದನ್ನು ಬೆಳಕಿಗೆ ಹಿಡಿದು ವೈನ್ ಎಲ್ಲಿಯವರೆಗೆ ತುಂಬಿದೆ ನೋಡಿ. ಕತ್ತಿನ ಬುಡದವರೆಗೆ ಇದ್ದರೆ ಈ ವಯಸ್ಸಿಗೆ ಚೆನ್ನಾಗಿದೆ. ಹೆಗಲಿನ ನಡುವಿಗೆ ಇಳಿದಿದ್ದರೆ ಕಾರ್ಕ್ ಸಡಿಲವಾಗಿ ಗಾಳಿ ಒಳಹೋಗಿದೆ ಎಂದು ಅನುಮಾನಿಸಿ. ಬಳಿಕ ಬಾಟಲಿಯನ್ನು ತೆರೆಯುವ ದಿನಕ್ಕೆ ಎರಡು ದಿನ ಮೊದಲೇ ನೇರವಾಗಿ ನಿಲ್ಲಿಸಿ, ಕತ್ತಲೆಯ ಮೂಲೆಯಲ್ಲಿಡಿ; ಗಸಿ ಗೋಡೆಯಿಂದ ಜಾರಿ ತಳ ಸೇರಲು ಅಷ್ಟು ಸಮಯ ಬೇಕು. ಕುಡಿಯುವಾಗ 16ರಿಂದ 18 ಡಿಗ್ರಿ ಇರಲಿ. ಬೇಸಿಗೆಯಾದರೆ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿ ನಿಲ್ಲಿಸಿದರೆ ಸಾಕು. ಇದಕ್ಕಿಂತ ಬಿಸಿಯಾದರೆ ದೋರು ವೈನಿನ ಆಲ್ಕೊಹಾಲ್ ಮೂಗಿಗೆ ಹೊಡೆಯುತ್ತದೆ.

ಕಾರ್ಕ್ ತೆಗೆಯುವುದು ತಾಳ್ಮೆಯ ಕೆಲಸ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದೇ. ಅಲ್ಲಿನ ಕಾರ್ಕ್ ಓಕ್ ಮರದ ತೊಗಟೆಯನ್ನು ಒಂಬತ್ತು ವರ್ಷಕ್ಕೊಮ್ಮೆ ಮಾತ್ರ ಸುಲಿಯಲು ಅನುಮತಿಯಿದೆ. ಎಷ್ಟೇ ಒಳ್ಳೆಯ ಕಾರ್ಕ್ ಆದರೂ ಎರಡು ದಶಕದಲ್ಲಿ ನೆನೆದು ಮೆತ್ತಗಾಗುತ್ತದೆ. ಸಾಮಾನ್ಯ ತಿರುಪನ್ನು ಜೋರಾಗಿ ಎಳೆದರೆ ನಡುವೆ ಮುರಿಯುತ್ತದೆ. ಕಾರ್ಕ್ ತೆಗೆಯಲೆಂದೇ ಎರಡು ತೆಳು ಅಲಗುಗಳಿರುವ ಸಾಧನ ಪೋರ್ಟೊದ ಅಂಗಡಿಗಳಲ್ಲಿ ಸಿಗುತ್ತದೆ. ಅಲಗುಗಳನ್ನು ಕಾರ್ಕಿಗೂ ಗಾಜಿಗೂ ನಡುವೆ ಇಳಿಸಿ, ತಿರುಗಿಸುತ್ತ ಮೇಲೆತ್ತಿ. ಮುರಿದರೂ ಗಾಬರಿ ಬೇಡ, ಚೂರುಗಳನ್ನು ತೆಳುಬಟ್ಟೆ ಹಿಡಿದು ಸೋಸಬಹುದು. ಹಳೆಯ ಪೋರ್ಟ್ ಬಾಟಲಿಗಳಿಗೆ ಅಲ್ಲಿನವರು ಕೆಂಪಗೆ ಕಾಯಿಸಿದ ಇಕ್ಕಳದಿಂದ ಕತ್ತು ಹಿಡಿದು, ತಣ್ಣೀರು ತಾಗಿಸಿ ಗಾಜನ್ನೇ ಕತ್ತರಿಸುವುದನ್ನು ನೋಡಿರಬಹುದು. ಅದು ನಿಮ್ಮ ಬಾಟಲಿಗೆ ಬೇಕಿಲ್ಲ.

ತೆರೆದ ಕೂಡಲೇ ಎರಡು ಗುಟುಕಿನಷ್ಟು ಮಾತ್ರ ಗ್ಲಾಸಿಗೆ ಹಾಕಿ ಮೂಸಿ. ಹಳೆಯ ವೈನನ್ನು ಗಂಟೆಗಟ್ಟಲೆ ಮೊದಲೇ ಹೂಜಿಗೆ ಸುರಿದಿಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದನ್ನು ಕಣ್ಣು ಮುಚ್ಚಿ ಪಾಲಿಸಬೇಡಿ. ಸೂಕ್ಷ್ಮವಾಗಿ ಉಳಿದಿರುವ ಕಂಪು ಹೂಜಿಯಲ್ಲೇ ಹಾರಿಹೋಗಿ, ನಿಮ್ಮ ಲೋಟಕ್ಕೆ ಹುಳಿನೀರು ಬರಬಹುದು. ಮೊದಲ ಮೂಸುವಿಕೆಯಲ್ಲೇ ಪರಿಮಳ ತೆರೆದುಕೊಂಡಿದ್ದರೆ ಗಸಿ ಬೇರ್ಪಡಿಸಿ ಕೂಡಲೇ ಬಡಿಸಿ. ಮೊದಲ ಬಾಟಲಿಯಂತೆ ಮುಚ್ಚಿಕೊಂಡಿದ್ದರೆ ಹೂಜಿಯಲ್ಲಿ ಅರ್ಧ ಗಂಟೆ ಬಿಡಿ. ನಿಮ್ಮ ಅನುಭವವನ್ನು ಓದಿದರೆ ಇದಕ್ಕೆ ಆ ಅರ್ಧ ಗಂಟೆ ಬೇಕಾದೀತು.

ಗಸಿ ಬೇರ್ಪಡಿಸುವುದು ತಿಳಿಸಾರು ಬಗ್ಗಿಸುವ ಕೆಲಸವೇ: ಒಮ್ಮೆ ಬಾಗಿಸಿದ ಮೇಲೆ ನಡುವೆ ನೆಟ್ಟಗೆ ಮಾಡಕೂಡದು, ತಳ ಕದಡುತ್ತದೆ. ಬಾಟಲಿಯ ಕತ್ತಿನ ಹಿಂದೆ ಮೇಣದ ಬತ್ತಿಯನ್ನೋ ಮೊಬೈಲಿನ ದೀಪವನ್ನೋ ಇಡಿ. ಒಂದೇ ಧಾರೆಯಲ್ಲಿ, ನಿಧಾನವಾಗಿ, ಗಾಜಿನ ಹೂಜಿಗೆ ಸುರಿಯಿರಿ. ಕಣ್ಣು ಬಾಟಲಿಯ ಹೆಗಲ ಮೇಲಿರಲಿ. ಮುಕ್ಕಾಲು ಭಾಗ ಬರುವವರೆಗೆ ಮಾಣಿಕ್ಯದಂಥ ತಿಳಿ ದ್ರವ. ಆಮೇಲೆ ಹೆಗಲ ಒಳಬದಿಯಲ್ಲಿ ಹೊಗೆಯಂಥ ಸಣ್ಣ ಎಳೆಯೊಂದು ತೆವಳಿಕೊಂಡು ಬರುತ್ತದೆ, ಅದರ ಹಿಂದೆ ಕಪ್ಪು ಪುಡಿ. ಎಳೆ ಕತ್ತಿನ ಬಾಯಿಗೆ ಬಂದ ಕ್ಷಣ ನಿಲ್ಲಿಸಿ. ಅರ್ಧ ಲೋಟದಷ್ಟು ಹೋಗುತ್ತದೆ, ಹೋಗಲಿ.

ಇನ್ನು ನೋಡುವುದು. ಗ್ಲಾಸಿನಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ ಇರಲಿ. ಬಿಳಿ ಹಾಳೆಯ ಮೇಲೆ ಗ್ಲಾಸನ್ನು ಓರೆ ಮಾಡಿದಾಗ ವೈನ್ ತೆಳುವಾಗುವ ಅಂಚು ಕಾಣುತ್ತದೆ. ಎಳೆಯದರಲ್ಲಿ ಆ ಅಂಚು ನೇರಳೆ. ಆಮೇಲೆ ಕೆಂಪು, ದಾಳಿಂಬೆ ಕಾಳಿನ ಬಣ್ಣ, ಇಟ್ಟಿಗೆ ಬಣ್ಣ, ಕೊನೆಗೆ ಕಂದು. ನಿಮ್ಮದರಲ್ಲಿ ಅಂಚು ಇಟ್ಟಿಗೆ ಬಣ್ಣವಾಗಿದ್ದು ನಡು ಇನ್ನೂ ಗಾಢವಾಗಿದ್ದರೆ ಇಪ್ಪತ್ತು ದಾಟಿದ ದೋರುವಿಗೆ ಅದು ಸರಿಯೇ, ಏಕೆಂದರೆ ಈ ತಳಿಗಳು ಬಣ್ಣದಲ್ಲಿ ಧಾರಾಳಿಗಳು. ನಡುವೂ ಕಂದಾಗಿ ಚಹಾದಂತೆ ಕಂಡರೆ ಮಾತ್ರ ಎಚ್ಚರ. ಗಾಢತೆಗಿಂತ ಹೊಳಪನ್ನು ನೋಡಿ. ಆರೋಗ್ಯವಾಗಿರುವ ಹಳೆಯ ವೈನ್ ಬಣ್ಣ ಕಳೆದುಕೊಂಡರೂ ಬೆಳಕನ್ನು ಹಿಂದಕ್ಕೆ ಕೊಡುತ್ತದೆ, ಸತ್ತದ್ದು ಮಂಕಾಗಿರುತ್ತದೆ. ಇಷ್ಟಾಗಿ ಕಣ್ಣನ್ನು ಹೆಚ್ಚು ನಂಬಬೇಡಿ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗದಲ್ಲಿ, ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನ್ ಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳು ಅದರ ವಾಸನೆಯನ್ನು ಕೆಂಪು ವೈನಿನ ಪದಗಳಲ್ಲೇ ವರ್ಣಿಸಿದರು. ಕಂದು ಬಣ್ಣ ಕಂಡೊಡನೆ ‘ಹೋಯಿತು’ ಎಂದು ಮನಸ್ಸು ತೀರ್ಮಾನಿಸಿಬಿಟ್ಟರೆ ಮೂಗು ಅದಕ್ಕೆ ಸಾಕ್ಷಿ ಹುಡುಕಿಕೊಡುತ್ತದೆ.

ಮೂಗಿನ ಕೆಲಸ ಎಲ್ಲಕ್ಕಿಂತ ದೊಡ್ಡದು. ಗ್ಲಾಸನ್ನು ಅಲ್ಲಾಡಿಸದೆ ಒಮ್ಮೆ ಮೂಸಿ, ಬಳಿಕ ಮೆಲ್ಲಗೆ ತಿರುಗಿಸಿ ಇನ್ನೊಮ್ಮೆ. ಮೊದಲ ಪ್ರಶ್ನೆ ಒಂದೇ: ದೋಷವಿದೆಯೇ? ಒದ್ದೆ ರಟ್ಟು, ಮುಗ್ಗುಲು ಹಿಡಿದ ನೆಲಮಾಳಿಗೆಯ ವಾಸನೆ ಬಂದು, ಸಮಯ ಕಳೆದಂತೆ ಹೆಚ್ಚುತ್ತ ಹೋದರೆ ಅದು ಕಾರ್ಕಿನಿಂದ ಬಂದ ಟಿ.ಸಿ.ಎ. ಎಂಬ ರಾಸಾಯನಿಕ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಹಣ್ಣಿನ ಪರಿಮಳವನ್ನೆಲ್ಲ ನುಂಗುತ್ತದೆ, ಅದಕ್ಕೆ ಮದ್ದಿಲ್ಲ. ಉಗುರು ಬಣ್ಣದ ಘಾಟು ಮೇಲೆದ್ದು ಬಂದರೆ ಬಾಷ್ಪಶೀಲ ಆಮ್ಲ ಹೆಚ್ಚಾಗಿದೆ. ಆದರೆ ಬಿಸಿ ಕಣಿವೆಯ ಹಳೆಯ ವೈನುಗಳಲ್ಲಿ ಇದರ ಒಂದು ತೆಳು ಎಳೆ ಇದ್ದು ಉಳಿದ ಕಂಪನ್ನು ಮೇಲೆತ್ತುವುದೂ ಉಂಟು, ಎಳೆಯಷ್ಟಿದ್ದರೆ ಸೈ. ಕೊಯ್ದಿಟ್ಟ ಸೇಬು ಕಪ್ಪಾದ ವಾಸನೆ, ಹಳಸಿದ ಗೋಡಂಬಿಯ ವಾಸನೆ ಮುಂದೆ ಬಂದರೆ ಗಾಳಿ ಕೆಡಿಸಿದೆ.

ದೋಷವಿಲ್ಲವೆಂದಾದ ಮೇಲೆ ನಿಜವಾದ ಓದು ಆರಂಭ. ಕಣಿವೆಯ ಎಳೆಯ ವೈನಿನಲ್ಲಿ ನೇರಳೆಹಣ್ಣು, ಕಪ್ಪು ದ್ರಾಕ್ಷಿಯ ರಸ, ಹೊಸ ಓಕ್ ಪೀಪಾಯಿಯಿಂದ ಬಂದ ವೆನಿಲಾ, ಸುಟ್ಟ ಕಾಫಿ ಬೀಜ ಮುಂದೆ ನಿಲ್ಲುತ್ತವೆ. ಇಪ್ಪತ್ತರ ನಂತರ ತಾಜಾ ಹಣ್ಣು ಒಣಹಣ್ಣಾಗಿರುತ್ತದೆ: ಅಂಜೂರ, ಒಣದ್ರಾಕ್ಷಿ, ಖರ್ಜೂರದ ಅಂಚು. ಅದರ ಕೆಳಗೆ ಬಾಟಲಿಯಲ್ಲೇ ಹುಟ್ಟಿದ ಮೂರನೆಯ ಪದರ ಬರಬೇಕು. ಚರ್ಮ, ಹದವಾದ ಹೊಗೆಸೊಪ್ಪು, ದೇವದಾರು ಪೆಟ್ಟಿಗೆಯ ಒಳಬದಿ, ಅಣಬೆ, ತರಗೆಲೆ ಕೊಳೆತ ಕಾಡಿನ ನೆಲ. ಈ ಪದರ ಬರದೆ ಬರೀ ಹಣ್ಣು ಒಣಗಿದ್ದರೆ ವೈನಿಗೆ ವಯಸ್ಸಾಗಿದೆ, ಪಕ್ವತೆ ಬಂದಿಲ್ಲ. ಬರೀ ಈ ಪದರವಿದ್ದು ಹಣ್ಣಿನ ಸುಳಿವೇ ಇಲ್ಲದಿದ್ದರೆ ಹೊತ್ತು ಮೀರಿದೆ. ಎರಡೂ ಒಂದರೊಳಗೊಂದು ಸೇರಿಕೊಂಡು, ಅಂಜೂರ ಎಲ್ಲಿ ಮುಗಿದು ಹೊಗೆಸೊಪ್ಪು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬಾರದಂತಿದ್ದರೆ ಅದು ನೀವು ಹುಡುಕುತ್ತಿರುವ ವೈನ್. ಓಕ್ ಮಾತ್ರ ಇನ್ನೂ ಪ್ರತ್ಯೇಕವಾಗಿ ಕೂಗುತ್ತಿದ್ದರೆ ತಯಾರಕರು ಪೀಪಾಯಿಯ ಮೇಲೆ ಅತಿಯಾಗಿ ಒಲವು ತೋರಿದ್ದಾರೆ. ಆ ಕಾಲದ ಎಷ್ಟೋ ದೋರು ವೈನುಗಳಿಗೆ ಈ ಕಾಯಿಲೆ ಇತ್ತು, ಕಾಲ ಅದನ್ನು ಗುಣಪಡಿಸಿಲ್ಲ.

ಪುಸ್ತಕದಲ್ಲಿರುವ ಪರಿಮಳಗಳ ಪಟ್ಟಿ ಹಿಡಿದು ಕೂರಬೇಡಿ. ಕಾಣದ ಬ್ಲ್ಯಾಕ್‌ಕರಂಟ್ ಹಣ್ಣನ್ನು ಹುಡುಕುವುದಕ್ಕಿಂತ, ಮುರುಗಲು ಸಿಪ್ಪೆ, ಹಳೆಯ ಹುಣಸೆ, ಗಂಧದ ಕೊರಡು, ಮನೆಯ ಅಟ್ಟದ ಬೆಲ್ಲದ ಪಿಂಡಿ ಎಂದು ನಿಮಗೆ ನೆನಪಾದದ್ದನ್ನೇ ಬರೆಯಿರಿ. ನಿಮಗೆ ಗುರುತಿರುವ ವಾಸನೆಯಲ್ಲಿ ಬರೆದ ಟಿಪ್ಪಣಿ ಮಾತ್ರ ಮುಂದಿನ ವರ್ಷ ನಿಮ್ಮ ಉಪಯೋಗಕ್ಕೆ ಬರುತ್ತದೆ.

ಬಾಯಿಗೆ ಹಾಕಿಕೊಂಡಾಗ ನುಂಗುವ ಅವಸರ ಬೇಡ. ನಾಲಿಗೆಯ ಎರಡು ಬದಿಗಳಲ್ಲಿ ಜೊಲ್ಲು ಒಸರಿದರೆ ಹುಳಿ ಜೀವಂತವಾಗಿದೆ. ಒಸಡು ಮತ್ತು ಕೆನ್ನೆಯ ಒಳಭಾಗ ಎಷ್ಟು ಬಿಗಿಯುತ್ತದೆ ಎಂಬುದು ಒಗರು. ಎಳೆಯದರಲ್ಲಿ ಅದು ಎಳೆ ಗೇರುಹಣ್ಣಿನಷ್ಟು ಒರಟು. ಇಲ್ಲಿ ಅದು ನುಣ್ಣಗಾಗಿ, ಆದರೆ ಇದೆಯೆಂದು ತಿಳಿಯುವಷ್ಟು ಉಳಿದಿರಬೇಕು. ಗಂಟಲಿನಲ್ಲಿ ಆಗುವ ಕಾವು ಆಲ್ಕೊಹಾಲಿನದು. ಇಲ್ಲೊಂದು ಮಾತು ಹೇಳಲೇಬೇಕು: ಕಾಲ ಕಳೆದಂತೆ ಹಣ್ಣಿನ ಸತ್ವ ಇಳಿಯುತ್ತದೆ, ಒಗರು ಮೆದುವಾಗುತ್ತದೆ, ಆದರೆ ಆಲ್ಕೊಹಾಲ್ ಹಾಗೆಯೇ ಇರುತ್ತದೆ, ಹುಳಿಯೂ ಬಹುತೇಕ ಇದ್ದಲ್ಲೇ ಇರುತ್ತದೆ. ದೋರು ಕಣಿವೆಯ ಪದರುಗಲ್ಲಿನ ಇಳಿಜಾರು ಬಿಸಿಲಿನ ನಾಡು, ಅಲ್ಲಿನ ವೈನಿನಲ್ಲಿ ಆಲ್ಕೊಹಾಲ್ ಸಹಜವಾಗಿಯೇ ಹೆಚ್ಚು. ಹಾಗಾಗಿ ಸೋತ ದೋರು ಹೇಗೆ ಸೋಲುತ್ತದೆ ಎಂದರೆ, ನಡುವಿನ ಹಣ್ಣು ಖಾಲಿಯಾಗಿ, ಮೊದಲಿಗೆ ಹುಳಿ, ಕೊನೆಗೆ ಉರಿ, ಮಧ್ಯೆ ಏನೂ ಇಲ್ಲ. ಆ ಮಧ್ಯವನ್ನು ಹುಡುಕಿ. ಅಲ್ಲಿ ತಿರುಳು ಇದೆಯೇ? ದಕ್ಷಿಣದ ನೆರೆಯ ದಾಂವ್ ಪ್ರದೇಶದ ಗ್ರಾನೈಟ್ ನೆಲದ ವೈನಾದರೆ ಹುಳಿ ಚುರುಕು, ಮೈ ತೆಳ್ಳಗೆ. ಬೈರಾಡ ಪ್ರದೇಶದ ಬಾಗಾ ಎಂಬ ದ್ರಾಕ್ಷಿಯದಾದರೆ ಮೂವತ್ತು ವರ್ಷಕ್ಕೂ ಒಗರು ಬಿಟ್ಟುಕೊಡುವುದಿಲ್ಲ. ಅವನ್ನು ಬೇರೆಯಾಗಿ ಅಳೆಯಬೇಕು.

ನುಂಗಿದ ಮೇಲೆ ಬಾಯಲ್ಲಿ ಉಳಿಯುವುದನ್ನು ಮನಸ್ಸಿನಲ್ಲೇ ಎಣಿಸಿ. ಹುಳಿಯನ್ನೂ ಉರಿಯನ್ನೂ ಎಣಿಸಬಾರದು, ಪರಿಮಳವನ್ನು ಮಾತ್ರ. ಐದು ಸೆಕೆಂಡಿಗೆ ಆರಿದರೆ ಸಾಧಾರಣ. ಹತ್ತು ದಾಟಿದರೆ ಒಳ್ಳೆಯದು. ಎಣಿಸುವುದನ್ನು ಮರೆತು ನೀವು ಇನ್ನೂ ಅದರ ರುಚಿಯಲ್ಲೇ ಇದ್ದರೆ ಸಂಖ್ಯೆ ಬೇಕಿಲ್ಲ.

ನಿಮ್ಮ ಮುಖ್ಯ ಪ್ರಶ್ನೆ, ಒಳ್ಳೆಯದೋ ಬರೀ ಹಳೆಯದೋ ಎಂಬುದಕ್ಕೆ ಒಂದೇ ಗುಟುಕಿನಲ್ಲಿ ಉತ್ತರ ಸಿಗುವುದಿಲ್ಲ. ಹಳೆಯ ವೈನಿಗೆ ಒಂದು ಗುಟುಕು ಕುಡಿದು ಅಂಕ ಕೊಡುವ ಪದ್ಧತಿ ನನಗೆ ಸರಿಕಾಣುವುದಿಲ್ಲ. ಸುರಿದ ತಕ್ಷಣ, ಇಪ್ಪತ್ತು ನಿಮಿಷಕ್ಕೆ, ಒಂದು ಗಂಟೆಗೆ ಹೀಗೆ ಮೂರು ಬಾರಿ ಮೂಸಿ, ಕುಡಿದು, ಮೂರು ಸಾಲು ಬರೆಯಿರಿ. ಒಳ್ಳೆಯ ವೈನಿನ ಮೂರು ಸಾಲುಗಳು ಒಂದರಂತೆ ಒಂದಿರುವುದಿಲ್ಲ. ಪ್ರತಿ ಸಲ ಹೊಸದೇನೋ ಮೇಲೆ ಬಂದಿರುತ್ತದೆ. ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕುಸಿದರೆ, ಒಂದು ಕಾಲದಲ್ಲಿ ಒಳ್ಳೆಯದಾಗಿದ್ದ ವೈನ್ ಅದು. ಮೊದಲಿನಿಂದ ಕೊನೆಯವರೆಗೆ ಬದಲಾಗದೆ ಒಂದೇ ಸ್ವರ ಹಿಡಿದಿದ್ದರೆ ಗಟ್ಟಿ, ಆದರೆ ಸರಳ. ನಿಮ್ಮ ಮೊದಲ ಬಾಟಲಿ ಗಸಿ ಕದಡಿ, ಸಿದ್ಧತೆಯಿಲ್ಲದೆ ತೆರೆದರೂ ಗಂಟೆಯ ನಂತರ ಏರುತ್ತಿತ್ತು. ಅದು ಸಣ್ಣ ಮಾತಲ್ಲ.

ಬಾರ್ಕಾ ವೆಲ್ಯಾ ಮಾಡುವವರ ಕ್ರಮ ಇಲ್ಲಿ ನೆನಪಾಗುತ್ತದೆ. ಬಾಟಲಿಗೆ ತುಂಬಿದ ಮೇಲೂ ವರ್ಷಗಟ್ಟಲೆ ಇಟ್ಟುಕೊಂಡು, ಮತ್ತೆ ಮತ್ತೆ ರುಚಿ ನೋಡಿ, ಈ ಕೊಯ್ಲು ಆ ಹೆಸರಿಗೆ ತಕ್ಕುದೇ ಎಂದು ನಿರ್ಧರಿಸುತ್ತಾರೆ. ತಕ್ಕುದಲ್ಲ ಎನಿಸಿದರೆ ‘ರೆಸೆರ್ವಾ ಎಸ್ಪೆಸಿಯಾಲ್’ ಎಂಬ ಬೇರೆ ಚೀಟಿ ಹಚ್ಚಿ ಬಿಡುಗಡೆ ಮಾಡುತ್ತಾರೆ. ಏಳು ದಶಕಗಳಲ್ಲಿ ಸುಮಾರು 20 ಬಾರಿ ಮಾತ್ರ ಮೊದಲ ಹೆಸರು ಸಿಕ್ಕಿದೆ. ತಾವೇ ಬೆಳೆದು, ತಾವೇ ಮಾಡಿದವರಿಗೇ ತೀರ್ಮಾನಕ್ಕೆ ಅಷ್ಟು ಕಾಲ ಬೇಕಾದರೆ ನಾವು ಒಂದು ಸಂಜೆಯನ್ನಾದರೂ ಕೊಡಬೇಕು. ನಿಮ್ಮ ಚೀಟಿಯ ಮೇಲಿನ ‘ರಿಸರ್ವಾ’ ಎಂಬುದನ್ನೂ ಇದೇ ಕಣ್ಣಿನಿಂದ ನೋಡಿ: ಪ್ರದೇಶದ ರುಚಿಸಮಿತಿ ಬಿಡುಗಡೆಯ ಹೊತ್ತಿಗೆ ಅದನ್ನು ಮೇಲಿನ ದರ್ಜೆಗೆ ಸೇರಿಸಿತ್ತು ಎಂದಷ್ಟೇ ಅದರ ಅರ್ಥ. ಇಂದಿನ ಸ್ಥಿತಿಗೆ ಅದು ಜಾಮೀನಲ್ಲ.

ಜೊತೆಗೆ ಏನು ತಿನ್ನಬೇಕು? ರುಚಿ ನೋಡುವಾಗ ಸಪ್ಪೆ ಬ್ರೆಡ್ಡು, ನೀರು. ಊಟಕ್ಕಾದರೆ ಅಲ್ಲಿನವರು ಮಾಡುವ ಒಲೆಯಲ್ಲಿ ಬೇಯಿಸಿದ ಮರಿ ಆಡಿನ ಮಾಂಸ ಇದಕ್ಕೆ ಹೇಳಿಮಾಡಿಸಿದ್ದು. ಸಸ್ಯಾಹಾರಿಗಳಾದರೆ ಬೆಣ್ಣೆಯಲ್ಲಿ ಹುರಿದ ಅಣಬೆ. ನಮ್ಮ ಬ್ಯಾಡಗಿ, ಗುಂಟೂರು ಹಾಕಿದ ಸಾರು ಆ ದಿನ ಬೇಡ. ಮೆಣಸಿನ ಉರಿ ಆಲ್ಕೊಹಾಲಿನ ಉರಿಯನ್ನು ಹೆಚ್ಚಿಸುತ್ತದೆ, ಒಗರನ್ನು ಕಹಿಯಾಗಿಸುತ್ತದೆ. ಇಪ್ಪತ್ತು ವರ್ಷ ಕಾದು ಬಂದ ಸೂಕ್ಷ್ಮ ಕಂಪು ಅದರ ಮುಂದೆ ನಿಲ್ಲಲಾರದು.

ಧಾರವಾಡಕ್ಕೆ ಒಯ್ಯಬೇಡಿ. ಭಾರತಕ್ಕೆ ಬರುವ ಪ್ರಯಾಣಿಕರು ಎರಡು ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು, ಕಾನೂನಿನ ತೊಡಕಿಲ್ಲ. ಆದರೆ ವಿಮಾನ, ಕಾರು, ಕುಲುಕಾಟದ ನಂತರ ಗಸಿ ಕುಳಿತು ವೈನ್ ಸುಧಾರಿಸಿಕೊಳ್ಳಲು ವಾರಗಳೇ ಬೇಕು, ನಿಮ್ಮ ದಸರಾ ರಜೆ ಅಷ್ಟು ಉದ್ದವಿರದು. 13 ಡಿಗ್ರಿಯ ಆಸುಪಾಸಿನಲ್ಲಿ ಬಾಳಬೇಕಾದ ವೈನನ್ನು ನಮ್ಮ ಮನೆಗಳ ಕಪಾಟಿನ ಬಿಸಿಯಲ್ಲಿ ಇಡುವುದೂ ಸರಿಯಲ್ಲ. ಊರಿನವರಿಗೆ ಈಚಿನ ಕೊಯ್ಲಿನ ಎಳೆಯ ದೋರು ಒಯ್ಯಿರಿ, ಅದು ಪ್ರಯಾಣ ತಡೆಯುತ್ತದೆ.

ಈ ಬಾಟಲಿಯನ್ನು ಅಲ್ಲಿಯೇ, ಬರುವ ಚಳಿಗಾಲದೊಳಗೆ ತೆರೆಯಿರಿ. ಇನ್ನೂ ಹತ್ತು ವರ್ಷ ಇಟ್ಟರೆ ಮೇಲೇರುತ್ತದೆ ಎನ್ನಲು ನಿಮ್ಮ ವಿವರಣೆಯಲ್ಲಿ ಆಧಾರವಿಲ್ಲ. ಮರುದಿನಕ್ಕೇ ಅದು ಕುಸಿದಿತ್ತು. ತೆರೆಯುವ ಮೊದಲು ಮನೆಯ ಒಡತಿಯನ್ನು ಒಂದು ಮಾತು ಕೇಳಿ: ಇವು ಇಷ್ಟು ವರ್ಷ ಎಲ್ಲಿದ್ದವು? ತಂಪಾದ ನೆಲಮಾಳಿಗೆಯಲ್ಲಿ ಅಡ್ಡ ಮಲಗಿದ್ದವೋ, ಅಡುಗೆಮನೆಯ ಕಪಾಟಿನಲ್ಲಿ ನಿಂತಿದ್ದವೋ? ನೆಲಮಾಳಿಗೆ ಎಂದರೆ ನಾನು ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಅಡುಗೆಮನೆ ಎಂದರೆ ಚಳಿಗಾಲಕ್ಕೂ ಕಾಯಬೇಡಿ, ಈ ವಾರವೇ ಬಾಟಲಿಯನ್ನು ನೇರ ನಿಲ್ಲಿಸಿ. ಅದೇ ಪೆಟ್ಟಿಗೆಯ ಬಾಟಲಿಗಳು ಅವರ ಬಳಿ ಇನ್ನೂ ಇದ್ದರೆ, ನಿಮ್ಮ ಮೂರು ಸಾಲುಗಳ ಟಿಪ್ಪಣಿಯನ್ನು ಅವರಿಗೂ ಓದಿ ಹೇಳಿ. ಉಳಿದವನ್ನು ಯಾವಾಗ ತೆರೆಯಬೇಕೆಂದು ತೀರ್ಮಾನಿಸಲು ಅವರಿಗೆ ಅದು ಬೇಕಾಗುತ್ತದೆ.